ಒಂದೇ ಗ್ಯಾರೇಜಿನ ಎರಡು ಲೇಥ್

ಟೈಟಾನಿಯಂ ಕೆಲಸ ಕೈಗೆ ಹತ್ತಲು ಎಷ್ಟು ವರ್ಷ ಬೇಕು ಅಂಕಲ್ ಎಂದು ಈ ಕಸುಬಿಗೆ ಹೊಸದಾಗಿ ಬಂದವರು ನನ್ನನ್ನು ಕೇಳುತ್ತಾರೆ. ನನಗೆ ಬಹಳ ವರ್ಷ ಬೇಕಾಯಿತು. ನನ್ನ ಹೆಂಡತಿಗೆ ಬೇಕಾಗಲಿಲ್ಲ. ನಾನು ಹೇಳಬೇಕೆಂದಿರುವುದೆಲ್ಲ ಈ ಎರಡು ಮಾತಿನ ನಡುವೆಯೇ ಇದೆ. ಹೊಟ್ಟೆಕಿಚ್ಚಿನ ವಿಷಯ ಬಿಟ್ಟು ಬರೀ ಕೆಲಸದ ವಿಷಯ ಬರೆಯೋಣವೆಂದು ಎರಡು ಸಲ ಕೂತೆ, ಆಗಲಿಲ್ಲ.

ನಾನು ಮೈಸೂರಿನವನು. ಬೆಂಗಳೂರಿನ ಒಂದು ಟೂಲ್ ರೂಮಿನಲ್ಲಿ ತರಬೇತಿ ಪಡೆದು, ತಲೆ ನರೆಯುವವರೆಗೆ ಅಲ್ಲೇ ಲೇಥ್ ಮುಂದೆ ನಿಂತವನು. ನನ್ನ ಹೆಂಡತಿ ವಸಂತಾ ಮೈಸೂರಿನ ಒಂದು ಡೆಂಟಲ್ ಲ್ಯಾಬಿನಲ್ಲಿ ಕೆಲಸ ಕಲಿತವಳು. ಡಾಕ್ಟರು ಅಳತೆ ಕಳಿಸುತ್ತಿದ್ದರು, ಇವಳು ಹಲ್ಲಿನ ಟೊಪ್ಪಿಗೆಗಳನ್ನು ಎರಕ ಹೊಯ್ದು ಉಜ್ಜಿ ಹೊಳಪು ಕೊಡುತ್ತಿದ್ದಳು. ಅವಳ ಅಣ್ಣ ಅರ್ಜಿ ಹಾಕಿ ನಮ್ಮನ್ನು ಕರೆಸಿಕೊಂಡದ್ದರಿಂದ ತೊಂಬತ್ತರ ದಶಕದ ಕೊನೆಯಲ್ಲಿ ಮಗನನ್ನು ಕರೆದುಕೊಂಡು ಡಾಲಸ್‌ಗೆ ಬಂದೆವು. ನನಗೆ ವಿಮಾನದ ಬಿಡಿಭಾಗ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಅವಳಿಗೆ ಮಕ್ಕಳನ್ನು ನೋಡಿಕೊಳ್ಳುವ ಡೇಕೇರಿನಲ್ಲಿ.

ಡಾಲಸ್‌ನಲ್ಲಿ ನನ್ನ ಫೋರ್‌ಮನ್ ಡೇಲ್. ಕುಳ್ಳ, ದಪ್ಪ ಮೀಸೆ, ಯಾರ ಹೆಸರನ್ನೂ ಪೂರ್ತಿ ಹೇಳುವಷ್ಟು ಪುರುಸೊತ್ತಿಲ್ಲದ ಮನುಷ್ಯ. ನಾನು ಮೊದಲ ಸಲ ಟೈಟಾನಿಯಂ ಕಂಬಿ ಹಿಡಿದು ಲೇಥ್‌ಗೆ ಹಾಕಿದಾಗ ಬೆಂಗಳೂರಿನ ಜಾಣತನವನ್ನೆಲ್ಲ ತೋರಿಸಿದೆ. ದುಬಾರಿ ಲೋಹ, ಹಾಳಾಗಬಾರದೆಂದು ಕೂದಲೆಳೆಯಷ್ಟೇ ಕಡಿಯುತ್ತ, ಮೆಲ್ಲಗೆ ಮೆಲ್ಲಗೆ ಹೋದೆ. ಟೂಲಿನ ತುದಿ ಕೆಂಪಗಾಗಿ ಉದುರಿಹೋಯಿತು. ಇನ್ನೊಂದು ಹಾಕಿದೆ. ಅದೂ ಹೋಯಿತು. ಡೇಲ್ ಹಿಂದೆ ಬಂದು ನಿಂತದ್ದು ನನಗೆ ಗೊತ್ತಾಗಲಿಲ್ಲ.

"ಏನು ಮಾಡ್ತಾ ಇದೀಯ?"

"ಜೋಪಾನವಾಗಿ ಮಾಡ್ತಾ ಇದೀನಿ."

"ನೀನು ಅದರ ಮೈ ಸವರ್ತಾ ಇದೀಯ. ಕಡಿಯೋದಾದ್ರೆ ಕಡಿ, ಇಲ್ಲ ಅಂದ್ರೆ ದೂರ ನಿಲ್ಲು."

ಹೊಸಬರು ಬರೆದಿಟ್ಟುಕೊಳ್ಳಬೇಕಾದ ಮಾತು ಇದೇ. ಉಕ್ಕಾದರೆ ಬಿಸಿಯನ್ನು ತಾನು ಹೀರಿಕೊಳ್ಳುತ್ತದೆ, ಕಡಿದು ಬರುವ ಸಿಪ್ಪೆಯ ಜತೆ ಹೊರಗೆ ಕಳಿಸುತ್ತದೆ. ಟೈಟಾನಿಯಂ ಹಾಗಲ್ಲ, ಬಿಸಿಯೆಲ್ಲ ನಿಮ್ಮ ಟೂಲಿನ ತುದಿಗೇ ಬರುತ್ತದೆ. ನಿಧಾನವಾಗಿ ತಿರುಗಿಸಬೇಕು, ಆದರೆ ಗಟ್ಟಿಯಾಗಿ ಕಡಿಯಬೇಕು. ಒಂದೇ ಕಡೆ ನಿಂತು ಉಜ್ಜಿದಿರೋ ಅದು ಕಲ್ಲಾಗುತ್ತದೆ. ನಾನು ಡಾಲಸ್‌ನಲ್ಲಿ ಇದನ್ನು ಕಲಿಯುವ ಹೊತ್ತಿಗೆ ಡೇಲ್ ನನ್ನ ಹೆಸರನ್ನು ಪೂರ್ತಿ ಹೇಳುವ ಮಟ್ಟಕ್ಕೆ ಬಂದಿದ್ದ. ಶ್ರೀನಿವಾಸ ಎಂದು ಅವನ ಬಾಯಲ್ಲಿ ಕೇಳಿದ ದಿನ ನಾನು ಮನೆಗೆ ಬಂದು ವಸಂತಳಿಗೆ ಹೇಳಿದ್ದೆ. ಅವಳು "ಒಳ್ಳೇದಾಯ್ತು" ಎಂದು ಹುರುಳಿಕಾಯಿ ಸೋಸುವುದನ್ನು ಮುಂದುವರಿಸಿದ್ದಳು.

ಆಮೇಲೆ ಆಸ್ಟಿನ್ ಕಡೆ ಚಿಪ್ ತಯಾರಿಸುವ ಯಂತ್ರಗಳಿಗೆ ಭಾಗ ಮಾಡುವ ಒಂದು ಕಂಪನಿ ಕರೆಯಿತೆಂದು ಶಿಫ್ಟ್ ಆದೆವು. ಲಿಯಾಂಡರ್‌ನಲ್ಲಿ ಎರಡು ಕಾರು ನಿಲ್ಲಿಸುವ ಗ್ಯಾರೇಜಿರುವ ಮನೆ ಹಿಡಿದೆವು. ನಾವು ಬಂದು ಹೆಚ್ಚು ದಿನ ಆಗಿರಲಿಲ್ಲ, ಆ ವ್ಯಾಪಾರವೇ ಮುಗ್ಗರಿಸಿತು. ಲೇಆಫ್ ಆದವರಲ್ಲಿ ನಾನೂ ಒಬ್ಬ. ಕಂಪನಿ ಹಳೆಯ ಯಂತ್ರಗಳನ್ನು ಹರಾಜು ಹಾಕಿದಾಗ ನಾನು ನಿಂತು ಕೆಲಸ ಮಾಡುತ್ತಿದ್ದ ಲೇಥನ್ನೂ ಒಂದು ಮಿಲ್ಲಿಂಗ್ ಯಂತ್ರವನ್ನೂ ಹಿಡಿದು ಗ್ಯಾರೇಜಿಗೆ ತಂದಿಟ್ಟೆ. ಒಂದು ಕಾರು ರಸ್ತೆಗೆ ಬಂತು.

ಟೆಕ್ಸಸ್‌ನಲ್ಲಿ ಗ್ಯಾರೇಜು ತೆರೆದಿಟ್ಟುಕೊಂಡು ಲೇಥ್ ತಿರುಗಿಸುತ್ತ ಕೂತರೆ ಗಿರಾಕಿಯನ್ನು ಹುಡುಕಬೇಕಾಗಿಲ್ಲ. ಮೊದಲು ಬಂದವನು ಹ್ಯಾಂಕ್, ಎರಡು ಬೀದಿ ಆಚೆಯವನು, ಹೈಸ್ಕೂಲಿನಲ್ಲಿ ಮೇಷ್ಟರಾಗಿದ್ದು ನಿವೃತ್ತನಾದವನು. ಅವನ ಮೊಣಕಾಲಿನ ಶಸ್ತ್ರಚಿಕಿತ್ಸೆ ಆಗಿತ್ತು. ಆದರೂ ಕೊಲೊರಾಡೊ ಬೆಟ್ಟಗಳಲ್ಲಿ ಬೇಟೆಗೆ ಹೋಗಬೇಕೆಂಬ ಹಟ.

"ರೈಫಲ್ ಭಾರ ಹೊರೋದಕ್ಕೆ ಆಗೋದಿಲ್ಲ. ಎಲ್ಲೆಲ್ಲಿ ಉಕ್ಕು ತೆಗೀಬಹುದೋ ಅಲ್ಲೆಲ್ಲ ಟೈಟಾನಿಯಂ ಹಾಕಿಕೊಡ್ತೀಯಾ?" ಎಂದು ಕೇಳಿದ.

ನಳಿಗೆ, ಒಳಗಿನ ಯಂತ್ರ, ಇವನ್ನೆಲ್ಲ ನಾನು ಮುಟ್ಟುವುದಿಲ್ಲವೆಂದು ಮೊದಲೇ ಹೇಳಿದೆ. ಅದಕ್ಕೆ ಲೈಸೆನ್ಸಿರುವ ಬೇರೆ ಜನ ಇದ್ದಾರೆ. ಮೇಲೆ ದುರ್ಬೀನನ್ನು ಹಿಡಿದಿಡುವ ಬಳೆಯಂಥ ಜೋಡಿ ರಿಂಗುಗಳು, ಟ್ರಿಗರಿನ ಸುತ್ತ ಬೆರಳಿಗೆ ಅಡ್ಡವಾಗಿರುವ ಕಮಾನು, ಹೆಗಲಿಗೆ ಒತ್ತಿಕೊಳ್ಳುವ ಹಿಂದಿನ ತಟ್ಟೆ, ಇಷ್ಟನ್ನು ಮಾಡಿಕೊಡುತ್ತೇನೆಂದು ಒಪ್ಪಿದೆ. ರಾತ್ರಿ ಊಟಕ್ಕೆ ಕೂತಾಗ ವಸಂತಳಿಗೆ ಹೇಳಿದರೆ ಅವಳು ಮುಖ ಗಂಟು ಹಾಕಿದಳು.

"ಬಂದೂಕಿನ ಕೆಲಸಾನಾ?"

"ಬಂದೂಕಿಗಲ್ಲ, ಅದರ ಮೇಲಿರೋ ದುರ್ಬೀನಿಗೆ."

"ಚೆನ್ನಾಗಿದೆ ನಿಮ್ಮ ಲೆಕ್ಕ," ಎಂದಳು. ಮತ್ತೆ ಆ ಮಾತು ಎತ್ತಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಕಾಫಿ ತಂದವಳು ಗ್ಯಾರೇಜಿನಲ್ಲೇ ಸ್ಟೂಲ್ ಎಳೆದು ಕೂತಳು. ಮೊದಲನೆಯ ರಿಂಗಿನ ಒಳಮೈಯನ್ನು ನಾನು ಮುಗಿಸಿದ್ದೆ. ಅದನ್ನು ಕೈಗೆ ತೆಗೆದುಕೊಂಡು, ಕಿರುಬೆರಳನ್ನು ಒಳಗೆ ಒಂದು ಸುತ್ತು ಆಡಿಸಿ, "ಇದು ಹಲ್ಲಾಗಿದ್ದಿದ್ರೆ ಪೇಷಂಟು ಕುರ್ಚಿಯಿಂದ ಎದ್ದು ಹೋಗ್ತಿದ್ದ ರೀ," ಎಂದಳು.

"ಹಾಗಾದ್ರೆ ಇನ್ನೊಂದು ನೀನೇ ಮಾಡು," ಎಂದೆ. ಮುನಿಸಿನಲ್ಲಿ ಆಡಿದ ಮಾತು. ಅವಳು ಲೋಟ ಪಕ್ಕಕ್ಕಿಟ್ಟು, ಸೀರೆಯ ಸೆರಗನ್ನು ಬಿಗಿದು ಎದ್ದೇಬಿಟ್ಟಳು. ಸೀರೆಯುಟ್ಟು ಲೇಥ್ ಹತ್ತಿರ ಬರಬಾರದು, ಹೋಗಿ ಪ್ಯಾಂಟು ಹಾಕಿಕೊಂಡು ಬಾ ಎಂದು ಕಳಿಸಿದೆ. ಮನಸ್ಸು ಬದಲಾಗಬಹುದೆಂದುಕೊಂಡೆ. ಮಗನ ಹಳೆಯ ಜೀನ್ಸ್ ಹಾಕಿಕೊಂಡು, ಜಡೆಯನ್ನು ಗಂಟುಕಟ್ಟಿ ಬಂದಳು.

ಒರಟಾಗಿ ಕಡಿಯುವುದನ್ನೆಲ್ಲ ನಾನೇ ಮಾಡಿ ಕೊನೆಯ ಒಂದು ಸುತ್ತನ್ನು ಅವಳಿಗೆ ಬಿಟ್ಟೆ. ಹಿಡಿಕೆಯ ಮೇಲೆ ಕೈ ಇಟ್ಟ ರೀತಿಯಲ್ಲೇ ನನಗೆ ಗೊತ್ತಾಯಿತು. ನಾನು ಡಾಲಸ್‌ನಲ್ಲಿ ಬೈಸಿಕೊಂಡು ಬೈಸಿಕೊಂಡು ಕಲಿತದ್ದು ಅವಳ ಮಣಿಕಟ್ಟಿನಲ್ಲಿ ಮೊದಲೇ ಇತ್ತು. ಒಂದೇ ಉಸಿರಿಗೆ ಹೋದಳು, ಎಲ್ಲೂ ನಿಲ್ಲಲಿಲ್ಲ, ಸವರಲಿಲ್ಲ. ಸಿಪ್ಪೆ ಉದ್ದನೆಯ ಬೆಳ್ಳಿ ಸುರುಳಿಯಾಗಿ ಬಿತ್ತು.

"ಯಾರು ಹೇಳಿಕೊಟ್ರು ನಿಂಗೆ?" ಎಂದೆ.

"ಯಾರು ಹೇಳಿಕೊಡಬೇಕು? ಒಂದು ಕಡೆ ಉಜ್ಜುತಾ ನಿಂತ್ರೆ ಬಿಸಿಯಾಗಿ ಪಿಂಗಾಣಿ ಬಿರುಕು ಬಿಡುತ್ತೆ. ಇಲ್ಲೂ ಹಾಗೇ ಅಲ್ವಾ?"

ಹ್ಯಾಂಕ್ ಬಂದಾಗ ಎರಡು ರಿಂಗನ್ನೂ ಮೇಜಿನ ಮೇಲೆ ಇಟ್ಟೆ. ಯಾವುದು ಯಾರದೆಂದು ಹೇಳಲಿಲ್ಲ. ಅವನು ಎರಡನ್ನೂ ಬೆಳಕಿಗೆ ಹಿಡಿದು ನೋಡಿ, ಅವಳದನ್ನು ಎತ್ತಿ, "ಇದಕ್ಕೆ ಬರೋ ಹೊತ್ತಿಗೆ ನಿನ್ನ ಕೈ ಕುದುರಿದೆ ನೋಡು," ಎಂದ. ವಸಂತಾ ನಕ್ಕಳು. ನಾನೂ ನಕ್ಕೆ. ನನ್ನ ನಗು ಎಷ್ಟು ಹೊತ್ತು ಇತ್ತೆಂದು ನನಗೆ ಮಾತ್ರ ಗೊತ್ತು.

ಅಲ್ಲಿಂದ ಮುಂದೆ ಅವಳು ದಿನಾ ಡೇಕೇರಿನಿಂದ ಬಂದವಳೇ ಗ್ಯಾರೇಜಿಗೆ ಇಳಿಯುತ್ತಿದ್ದಳು. ಹ್ಯಾಂಕ್ ತನ್ನ ಬೇಟೆಯ ಗೆಳೆಯರಿಗೆ ಹೇಳಿದ, ಅವರು ಬೇರೆಯವರಿಗೆ. ಟೇಲರ್ ಎಂಬ ಊರಿನಿಂದ, ಇನ್ನೂ ಆಚೆಯ ಹಳ್ಳಿಗಳಿಂದ ಪಿಕಪ್ ಟ್ರಕ್ಕುಗಳು ನಮ್ಮ ಬೀದಿಗೆ ಬರತೊಡಗಿದವು. ಬಂದವರು ಮೊದಲು ನನ್ನ ಕೈ ಕುಲುಕುತ್ತಿದ್ದರು. ಸ್ವಲ್ಪ ಕಾಲದ ಮೇಲೆ ಕೈ ಕುಲುಕುತ್ತಲೇ ನನ್ನ ಹೆಗಲ ಮೇಲಿಂದ ಒಳಗೆ ನೋಡಿ, "ಆಕೆ ಇದಾರಾ?" ಎಂದು ಕೇಳತೊಡಗಿದರು.

ಹೊಸಬರಿಗೆ ಇನ್ನೊಂದು ಪಾಠವಿದೆ, ಬೆಂಕಿಯದು. ದಪ್ಪ ಸಿಪ್ಪೆಗೆ ಬೆಂಕಿ ಹತ್ತುವುದು ಕಷ್ಟ. ಆದರೆ ಉಜ್ಜಿದ ನಯವಾದ ಪುಡಿ ಒಂದು ಕಿಡಿಗೆ ಕಾಯುತ್ತ ಕೂತಿರುತ್ತದೆ. ಹತ್ತಿಕೊಂಡರೆ ಕಣ್ಣು ಕೋರೈಸುವ ಬಿಳಿ ಬೆಂಕಿ. ಅದಕ್ಕೆ ನೀರು ಹಾಕಿದರೆ ಇನ್ನೂ ಸಿಡಿಯುತ್ತದೆ. ವಸಂತಾ ಹೊಳಪು ಕೊಡುವ ಚಕ್ರದ ಕೆಳಗೆ ಪುಡಿ ಗುಡಿಸದೆ ಬಿಟ್ಟಿದ್ದಳು, ಲ್ಯಾಬಿನ ಅಭ್ಯಾಸ. ಪಕ್ಕದಲ್ಲಿ ಒಂದು ಉಕ್ಕಿನ ತುಂಡನ್ನು ಸಾಣೆಗೆ ಹಿಡಿದಳು. ಕಿಡಿ ಹಾರಿತು. ನಾನು ಮಿಲ್ಲಿಂಗ್ ಯಂತ್ರದ ಬಳಿ ಇದ್ದೆ. ತಿರುಗಿ ನೋಡಿದರೆ ಅವಳ ಕಾಲ ಹತ್ತಿರ ಬಿಳಿ ಬೆಳಕು. ಅವಳು ನೀರಿನ ಪೈಪಿಗೆ ಕೈ ಹಾಕಿದ್ದಳು. ಅವಳನ್ನು ಹಿಂದಕ್ಕೆ ತಳ್ಳಿ, ಮೂಲೆಯಲ್ಲಿ ಇಟ್ಟಿದ್ದ ಒಣ ಮರಳಿನ ಬಕೆಟ್ಟನ್ನು ಪೂರ್ತಿ ಸುರಿದೆ. ಬೆಂಕಿ ಆರಿತು. ಅವಳ ಷೂನ ತುದಿ ಸುಟ್ಟಿತ್ತು, ಕಾಲಿಗೆ ಏನೂ ಆಗಿರಲಿಲ್ಲ. ಅವಳು ಗೋಡೆಗೆ ಒರಗಿ ನಡುಗುತ್ತಿದ್ದಳು.

ನಾನು ನಡುಗಲಿಲ್ಲ. ನನಗೆ ಆ ದಿನ ಆದದ್ದು ಸಂತೋಷ. ಅಷ್ಟು ದಿನಗಳ ಮೇಲೆ ಆ ಗ್ಯಾರೇಜಿನಲ್ಲಿ ನಾನು ಮತ್ತೆ ಯಜಮಾನನಾಗಿದ್ದೆ.

ಅದನ್ನು ಕಂಡಕಂಡವರಿಗೆ ಹೇಳಿದೆ. ಡಾಲಸ್ ಪಕ್ಕದ ಫ್ಲವರ್ ಮೌಂಡ್‌ನಲ್ಲಿ ಧಾರವಾಡದ ಡಾಕ್ಟರ್ ಪಾಟೀಲರ ಮನೆಗೆ ಊಟಕ್ಕೆ ಹೋದಾಗಲೂ ಹೇಳಿದೆ, ಸ್ವಲ್ಪ ಬೆಂಕಿಯನ್ನು ದೊಡ್ಡದು ಮಾಡಿ. ಪಾಟೀಲರು ಹೋಳಿಗೆ ಬಡಿಸುತ್ತಿದ್ದವರು ನಿಂತು, "ಏನ್ರೀ ವೈನಿ, ಗ್ಯಾರೇಜಿಗೆ ಬೆಂಕಿ ಹಚ್ಚೀರಂತ? ಮನಿಯವ್ರ ಮ್ಯಾಲೆ ಅಷ್ಟ್ ಸಿಟ್ಟೇನ್ರೀ?" ಎಂದು ನಗೆಯಾಡಿದರು. ಎಲ್ಲರೂ ನಕ್ಕರು.

ವಸಂತಾ ಎಲೆ ನೋಡುತ್ತಲೇ ಹೇಳಿದಳು. "ಹೌದು, ಬೆಂಕಿ ನಂದೇ. ಆರಿಸಿದ್ದು ಇವರೇ. ಆದ್ರೆ ಇವರು ಇದನ್ನ ಹೇಳ್ತಾ ಇರೋದು ಇದು ಏಳನೇ ಮನೆ. ಹೊಟ್ಟೇಲಿ ಇರೋದು ಇನ್ನೂ ಆರಿಲ್ಲ."

ನಗು ನಿಂತುಹೋಯಿತು. ಪಾಟೀಲರ ಹೆಂಡತಿ ತುಪ್ಪ ತರುತ್ತೇನೆಂದು ಒಳಗೆ ಹೋದರು. ಲಿಯಾಂಡರ್‌ವರೆಗಿನ ದಾರಿಯಲ್ಲಿ ವಸಂತಾ ಮಾತಾಡಿದ್ದು ಒಂದೇ ಸಲ.

"ನಾಳೆಯಿಂದ ನಿಮ್ಮ ಲೇಥ್ ಮುಟ್ಟೋದಿಲ್ಲ."

ನಾನು ಸೋತಳೆಂದುಕೊಂಡೆ. ಮುಂದಿನ ವಾರ ಮನೆ ಮುಂದೆ ಟ್ರಕ್ಕೊಂದು ಬಂದು ನಿಂತಿತು. ತನ್ನ ಡೇಕೇರ್ ಸಂಬಳದಲ್ಲಿ ಅವಳು ಒಂದು ಚಿಕ್ಕ ಲೇಥ್ ತರಿಸಿದ್ದಳು. ಗ್ಯಾರೇಜಿನಲ್ಲಿ ಉಳಿದಿದ್ದ ಎರಡನೆಯ ಕಾರೂ ರಸ್ತೆಗೆ ಬಂತು. ಮರಳಿನ ಬಕೆಟ್ಟನ್ನು ಮಾತ್ರ ಮೊದಲು ತಂದಿಟ್ಟುಕೊಂಡು, ಆಮೇಲೆ ಯಂತ್ರದ ಪೆಟ್ಟಿಗೆ ಬಿಚ್ಚಿದಳು. ಏಪ್ರಿಲಿನಲ್ಲಿ ನಿಂಬೆಹಣ್ಣಿನ ಗಾತ್ರದ ಆಲಿಕಲ್ಲು ಬಿದ್ದು ಆ ಕಾರಿನ ಬೆನ್ನೆಲ್ಲ ತಗ್ಗುಬಿದ್ದಾಗ, "ನೋಡು, ನಿನ್ನ ಲೇಥ್‌ನಿಂದ," ಎಂದೆ. "ಎರಡು ಲೇಥ್ ಇದೆ ಮನೇಲಿ," ಎಂದಳು.

ಹೀಗೆ ಎಡಗಡೆ ನಾನು, ಬಲಗಡೆ ಅವಳು. ಅಡಿಗೆಮನೆಯಲ್ಲಿ ಗಂಡ ಹೆಂಡತಿ, ಗ್ಯಾರೇಜಿನಲ್ಲಿ ಅಕ್ಕಪಕ್ಕದ ಎರಡು ಅಂಗಡಿ. ನಾನು ಅವಳ ಯಂತ್ರದ ಸದ್ದಿಗೆ ಕಿವಿಗೊಟ್ಟು ಕೆಲಸ ಮಾಡುತ್ತಿದ್ದೆ. ಟೂಲ್ ಕಿರುಗುಟ್ಟಿತೆಂದರೆ ನನಗೆ ಹಾಯೆನಿಸುತ್ತಿತ್ತು. ಅದು ಕಿರುಗುಟ್ಟುವುದು ಅಪರೂಪ.

ಹ್ಯೂಸ್ಟನ್‌ನಿಂದ ಲಿಂಡಾ ಬಂದದ್ದು ಆ ಹೊತ್ತಿನಲ್ಲಿ. ದೂರದ ಗುರಿಗೆ ಹೊಡೆಯುವ ಸ್ಪರ್ಧೆಗಳಲ್ಲಿ ಗೆದ್ದು ಹೆಸರು ಮಾಡಿದವಳು, ಐವತ್ತು ದಾಟಿದ ಹೆಂಗಸು, ಮಾತು ಕಡಿಮೆ. ತನ್ನ ತಂಡಕ್ಕೆ ರಿಂಗುಗಳು ಬೇಕೆಂದಳು. ಗುಂಡು ಹಾರಿದ ಪ್ರತಿಸಲವೂ ದುರ್ಬೀನು ಕೂದಲೆಳೆಯಷ್ಟೂ ಸರಿಯಬಾರದು. ಎರಡು ಲೇಥನ್ನೂ ನೋಡಿ, "ಇಬ್ಬರೂ ಒಂದೊಂದು ಜೋಡಿ ಮಾಡಿಕೊಡಿ," ಎಂದು ಹೋದಳು.

ನಾನು ಜೀವನದಲ್ಲಿ ಅಷ್ಟು ಶ್ರದ್ಧೆಯಿಂದ ಕೆಲಸ ಮಾಡಿದ್ದಿಲ್ಲ. ನನ್ನ ಜೋಡಿಯ ಅಳತೆಯಲ್ಲಿ ಇವತ್ತಿಗೂ ಯಾರೂ ತಪ್ಪು ಹುಡುಕಲಾರರು. ವಸಂತಾ ಹೊಸದೊಂದನ್ನು ಹಿಡಿದಿದ್ದಳು. ಟೈಟಾನಿಯಂಗೆ ಬಣ್ಣ ಬಳಿಯಬೇಕಿಲ್ಲ. ಸೋಡಾ ಕಲಸಿದ ನೀರಿನಲ್ಲಿ ಮುಳುಗಿಸಿ ವಿದ್ಯುತ್ ಹರಿಸಿದರೆ ಮೈಮೇಲೆ ತಾನಾಗಿ ಬಣ್ಣ ಏಳುತ್ತದೆ, ಮೊದಲು ಗೋಧಿ ಬಣ್ಣ, ಆಮೇಲೆ ನೇರಳೆ, ಆಮೇಲೆ ನೀಲಿ. ಅವಳ ಜೋಡಿ ನವಿಲಿನ ಕತ್ತಿನಂತಿತ್ತು.

"ಕೆಲಸ ಸರಿಯಿಲ್ಲದವರು ಬಣ್ಣ ಹಾಕ್ತಾರೆ," ಎಂದೆ.

"ಅಳತೆ ನೋಡಿ ಮಾತಾಡಿ," ಎಂದು ಮೈಕ್ರೋಮೀಟರನ್ನು ನನ್ನ ಕೈಗೇ ಕೊಟ್ಟಳು. ನೋಡಿದೆ. ಮೈಕ್ರೋಮೀಟರನ್ನು ಹಿಂದಕ್ಕೆ ಕೊಟ್ಟು ನನ್ನ ಲೇಥ್‌ಗೆ ಹೋದೆ.

ಎರಡು ಜೋಡಿಯನ್ನೂ ಲಿಂಡಾ ಪರೀಕ್ಷೆಗೆ ಹಾಕಿದಳು. ಎರಡೂ ಅಲುಗಲಿಲ್ಲವೆಂದು ಫೋನ್ ಮಾಡಿದಳು. ಕೆಲಸವನ್ನು ವಸಂತಳಿಗೆ ಕೊಟ್ಟಳು. ಹಾಗಾದರೆ ಯಾಕೆ ಎಂದು ನಾನು ಫೋನು ಕಿತ್ತುಕೊಂಡು ಕೇಳಿಯೇಬಿಟ್ಟೆ.

"ನಿನ್ನದು ಚೆನ್ನಾಗಿದೆ," ಎಂದಳು ಲಿಂಡಾ. "ಅವಳದು ನನಗೆ ಬೇಕು."

ಆ ಉತ್ತರಕ್ಕೆ ಏನು ಮಾಡುತ್ತೀರಿ? ಅಳತೆ ತಪ್ಪಿದ್ದರೆ ತಿದ್ದಿಕೊಳ್ಳಬಹುದಾಗಿತ್ತು.

ಸರಕು ಸಿದ್ಧವಾದಾಗ ಇಬ್ಬರೂ ಹ್ಯೂಸ್ಟನ್‌ಗೆ ಡ್ರೈವ್ ಮಾಡಿಕೊಂಡು ಹೋದೆವು. ಊರಾಚೆಯ ಗುರಿ ಮೈದಾನ, ಸೆಕೆಯೆಂದರೆ ಸೆಕೆ, ಕಿವಿಗೆ ದೊಡ್ಡ ಮುಚ್ಚಳ. ಲಿಂಡಾ ವಸಂತಳನ್ನು ಕೈಹಿಡಿದು ಒಬ್ಬೊಬ್ಬರ ಹತ್ತಿರ ಕರೆದುಕೊಂಡು ಹೋಗಿ, "ಇವಳೇ," ಎಂದು ತೋರಿಸುತ್ತಿದ್ದಳು. ಕೌಬಾಯ್ ಟೋಪಿಯ ದೊಡ್ಡ ದೊಡ್ಡ ಗಂಡಸರು ಟೋಪಿ ತೆಗೆದು ನನ್ನ ಹೆಂಡತಿಗೆ ತಲೆಬಾಗುತ್ತಿದ್ದರು. ಬಂದೂಕೆಂದರೆ ಮುಖ ಗಂಟು ಹಾಕಿದ್ದವಳು ಒಂದು ರೈಫಲ್ಲಿನ ಮೇಲೆ ಬಗ್ಗಿ, ತನ್ನ ನೀಲಿ ರಿಂಗಿನ ಸ್ಕ್ರೂ ಎಷ್ಟು ಬಿಗಿಯಬೇಕೆಂದು ಅವರಿಗೆ ಹೇಳಿಕೊಡುತ್ತಿದ್ದಳು. ಯಾರೋ ನನ್ನನ್ನು, "ನೀವೂ ಇದೇ ಕೆಲಸದವರಾ?" ಎಂದು ಕೇಳಿದರು. ನನ್ನ ಕೈಯಲ್ಲಿ ಅವಳ ವ್ಯಾನಿಟಿ ಬ್ಯಾಗಿತ್ತು.

ಅಷ್ಟರಲ್ಲಿ ಕೆಲಸದ ರೀತಿಯೇ ಬದಲಾಗಿತ್ತು. ಹಿಡಿಕೆ ತಿರುಗಿಸುವ ಕಾಲ ಹೋಗಿ, ಕಂಪ್ಯೂಟರಿನಲ್ಲಿ ಬರೆದದ್ದನ್ನು ಯಂತ್ರ ತಾನೇ ಕಡಿಯುವ ಕಾಲ ಬಂತು. ಆಸ್ಟಿನ್‌ನ ಕಮ್ಯೂನಿಟಿ ಕಾಲೇಜಿನಲ್ಲಿ ಅದಕ್ಕೊಂದು ಸಂಜೆ ತರಗತಿ ಇತ್ತು. ಗುಂಡಿ ಒತ್ತುವುದೂ ಒಂದು ಕಸುಬೇನು ಎಂದು ನಾನು ಹೋಗಲಿಲ್ಲ. ವಸಂತಾ ಹೋದಳು, ತನ್ನ ಮಗನ ವಯಸ್ಸಿನವರ ನಡುವೆ ಕೂತಳು. ಹೊಸಬರೇ, ನನ್ನ ಕಸುಬಿನ ದೊಡ್ಡ ಎಡವಟ್ಟು ಯಾವುದೆಂದರೆ ಆ ತರಗತಿಗೆ ಹೋಗದೆ ಮನೆಯಲ್ಲಿ ಕೂತದ್ದು.

ಆಮೇಲೆ ಆಸ್ಟಿನ್‌ನಲ್ಲಿ ಮೂಳೆ ಮುರಿದವರಿಗೆ ಹಾಕುವ ಟೈಟಾನಿಯಂ ಪಟ್ಟಿ, ಸ್ಕ್ರೂಗಳನ್ನು ಮಾಡುವ ಒಂದು ಕಾರ್ಖಾನೆ ವಸಂತಳನ್ನು ಕರೆಯಿತು. ಹಲ್ಲಿನ ಕೆಲಸ ಗೊತ್ತಿತ್ತು, ಲೋಹ ಗೊತ್ತಿತ್ತು, ಕಂಪ್ಯೂಟರೂ ಗೊತ್ತಿತ್ತು. ಕೆಲವೇ ದಿನಗಳಲ್ಲಿ ಒಂದು ವಿಭಾಗವನ್ನೇ ಅವಳ ಕೈಗೆ ಕೊಟ್ಟರು. ಲಿಯಾಂಡರ್‌ನ ಗ್ಯಾರೇಜಿನಲ್ಲಿ ಬಲಗಡೆ ಸದ್ದು ನಿಂತಿತು. ನಾನು ಬಯಸಿದ್ದು ಇದೇ ಅಲ್ಲವೇ? ಆದರೆ ಕಿವಿಗೊಡಲು ಆಚೆ ಕಡೆ ಏನೂ ಇಲ್ಲದೆ ನನ್ನ ಕೆಲಸ ಸಪ್ಪೆಯಾಯಿತು. ಟ್ರಕ್ಕುಗಳೂ ಕಡಿಮೆಯಾದವು.

ಒಂದು ದಿನ ಸಾರು ಬಡಿಸುತ್ತ ಅವಳೇ ಕೇಳಿದಳು. "ನಮ್ಮಲ್ಲಿ ಹಿಡಿಕೆ ಲೇಥ್ ಮೇಲೆ ಮಾದರಿ ಪೀಸ್ ಮಾಡೋರು ಬೇಕು. ಬರ್ತೀರಾ?"

"ನಿನ್ನ ಕೈಕೆಳಗಾ?"

"ಲೇಥ್ ಕೈಕೆಳಗೆ," ಎಂದಳು.

ಹೋದೆ. ಡೇಲ್‌ನಂಥ ಫೋರ್‌ಮನ್ ಹತ್ತಿರ ಬೈಸಿಕೊಂಡವನಿಗೆ ಎಂಥವರೂ ದೊಡ್ಡವರಲ್ಲ ಎಂದುಕೊಂಡಿದ್ದೆ. ವಸಂತಾ ಬೈಯುತ್ತಿರಲಿಲ್ಲ. ಪೀಸನ್ನು ಎತ್ತಿಕೊಂಡು, ಬೆರಳು ಆಡಿಸಿ, ಸರಿಯಿದ್ದರೆ ಮುಂದಿನ ಟ್ರೇಗೆ, ಇಲ್ಲದಿದ್ದರೆ ಕೆಂಪು ಟ್ರೇಗೆ ಇಡುತ್ತಿದ್ದಳು. ಅಲ್ಲಿನವರಿಗೆ ನಾವು ಗಂಡ ಹೆಂಡತಿಯೆಂದು ತಿಳಿಯಲು ಬಹಳ ದಿನ ಬೇಕಾಯಿತು. ತಿಳಿದ ಮೇಲೆ ವಿಯೆಟ್ನಾಮಿನ ಒಬ್ಬಳು ಹುಡುಗಿ, "ಮನೇಲೂ ಹೀಗೇನಾ?" ಎಂದು ನನ್ನನ್ನು ಕೇಳಿದಳು. ಆ ಹುಡುಗಿಯ ಹೆಸರು ಲಾನ್. ಮುಂದೆ ನನ್ನ ಯಂತ್ರ ಅವಳಿಗೇ ಹೋಗುವುದೆಂದು ನಿರ್ಧಾರವಾಗಿತ್ತು, ನಾನೇ ಕಲಿಸಬೇಕಾಗಿತ್ತು. ಕಲಿಸಿದೆ. ಗೊತ್ತಿದ್ದುದನ್ನೆಲ್ಲ ಕಲಿಸಿದೆ. ಅವಳು ಬೇಗ ಕಲಿತಳು, ಅದೂ ನನಗೆ ಅಷ್ಟು ಹಿಡಿಸಲಿಲ್ಲ.

ನಾನು ನಿವೃತ್ತನಾದ ದಿನ ಕೇಕ್ ತಂದಿದ್ದರು. ಕೇಕ್ ಕತ್ತರಿಸುವ ಮೊದಲು ನನ್ನ ಕೊನೆಯ ಪೀಸನ್ನು, ಭುಜದ ಮೂಳೆಗೆ ಕೂರಿಸುವ ಒಂದು ಮಾದರಿಯನ್ನು, ವಸಂತಳ ಮುಂದೆ ಇಟ್ಟೆ. ಎಲ್ಲರೂ ಸುತ್ತ ನಿಂತಿದ್ದರು. ಅವಳು ಬೆರಳು ಆಡಿಸಿದಳು. ಇನ್ನೊಮ್ಮೆ ಆಡಿಸಿದಳು. ಕೆಂಪು ಟ್ರೇಗೆ ಇಟ್ಟಳು.

ನಾನು ಪೀಸನ್ನು ತೆಗೆದು ಭೂತಕನ್ನಡಿಯ ಕೆಳಗೆ ನೋಡಿದೆ. ಅಂಚಿನಲ್ಲಿ ಒಂದು ಸಣ್ಣ ಗೀರು ಇತ್ತು. ಯಾರದೋ ಭುಜದೊಳಗೆ ಹೋಗುವ ವಸ್ತುವಿನಲ್ಲಿ ಅದು ಇರಬಾರದು.

"ಇನ್ನೊಂದು ಮಾಡಿ," ಎಂದಳು ವಸಂತಾ. "ಕೇಕ್ ಎಲ್ಲೂ ಹೋಗೋದಿಲ್ಲ."

ಮಾಡಿದೆ. ಎಲ್ಲರೂ ಕಾದರು. ಎರಡನೆಯದು ಮುಂದಿನ ಟ್ರೇಗೆ ಹೋಯಿತು.

ನಾನು ಮನೆಯಲ್ಲಿ ಕೂತ ಮೇಲೂ ಅವಳು ಬಹಳ ಕಾಲ ಕೆಲಸಕ್ಕೆ ಹೋಗುತ್ತಿದ್ದಳು. ಬೆಳಿಗ್ಗೆ ಕಾರಿನಲ್ಲಿ ಬಿಟ್ಟು ಬರುವುದು, ಸಂಜೆ ಕರೆತರುವುದು ನನ್ನ ಕೆಲಸ. ಗೇಟಿನಲ್ಲಿ ಅವಳ ಕಾರ್ಡಿಗೆ ಬಾಗಿಲು ತೆರೆಯುವುದನ್ನು ನೋಡಿಕೊಂಡು ಗಾಡಿ ತಿರುಗಿಸುತ್ತಿದ್ದೆ. ಸಂಜೆ ದಾರಿಯುದ್ದಕ್ಕೂ ಇವತ್ತು ಏನು ಕಡಿದಿರಿ, ಯಾವ ಟೂಲ್ ಹೋಯಿತು, ಯಾರು ಕೆಡಿಸಿದರು ಎಂದು ಕೇಳುತ್ತಿದ್ದೆ. ಅವಳು ಬೇಸರಿಸದೆ ಹೇಳುತ್ತಿದ್ದಳು. ಒಂದು ವಿಷಯವನ್ನು ಕೇಳಬಾರದೆಂದು ತಡೆದುಕೊಂಡೇ ಇದ್ದೆ. ಒಂದು ಸಂಜೆ ಮನೆಯ ಹತ್ತಿರ ಸಿಗ್ನಲ್ಲಿನಲ್ಲಿ ನಿಂತಾಗ ಕೇಳಿಬಿಟ್ಟೆ.

"ನನ್ನ ಲೇಥ್ ಮೇಲೆ ಆ ಹುಡುಗಿ ಹೇಗೆ ಮಾಡ್ತಾಳೆ?"

"ಲಾನ್? ಚೆನ್ನಾಗಿ ಮಾಡ್ತಾಳೆ."

"ನನಗಿಂತಲೂ?"

ವಸಂತಾ ಕಿಟಕಿಯಾಚೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಸಿಗ್ನಲ್ ಬಿಟ್ಟಿದೆ, ಹೋಗಿ," ಎಂದಳು.